ಕಾಲುವೆ ದಂಡೆಯಲ್ಲಿ ನಿಂತುಹೋದ ಕಾರು

ಕಾರು ನಿಲ್ಲಿಸಿದ್ದು ನಾನೇ, ಅದು ತಾನಾಗಿ ಕೆಟ್ಟು ನಿಂತದ್ದಲ್ಲ. ಪಕ್ಕದ ಸೀಟಿನಲ್ಲಿದ್ದ ನಮ್ಮ ಯಜಮಾನರ ಉಸಿರು ಇಂಜಿನ್ ಸದ್ದಿನಲ್ಲಿ ಸರಿಯಾಗಿ ಕೇಳುತ್ತಿರಲಿಲ್ಲ. ಕೇಳಿಸಿಕೊಳ್ಳಬೇಕೆಂದು ಕಾಲುವೆ ದಂಡೆಯ ಜಾಲಿಮರದ ಕೆಳಗೆ ಕಾರು ತಂದು ಬಂದ್ ಮಾಡಿದೆ. ಉಸಿರು ಕೇಳಿಸಿತು. ಒದ್ದೆ ಬಟ್ಟೆಯ ಮೂಲಕ ಯಾರೋ ಗಾಳಿ ಊದಿದಂಥ ಸದ್ದು.

"ನಡಿ, ನಿಂದರಬ್ಯಾಡ" ಅಂದರು.

ಕೀಲಿ ತಿರುಗಿಸಿದೆ. ಗರ್ ಗರ್ ಗರ್ ಎಂದಿತು. ಇಂಜಿನ್ ಹತ್ತಲಿಲ್ಲ.

ನಮ್ಮದು ಸಿರುಗುಪ್ಪ. ಯಜಮಾನರ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ ಮೇಲೆ ಅವರನ್ನು ಡಯಾಲಿಸಿಸ್‌ಗೆ ಬಳ್ಳಾರಿಗೆ ಕರೆದೊಯ್ಯುವುದೇ ನನ್ನ ಮುಖ್ಯ ಕೆಲಸವಾಗಿದೆ. ಅಡಿಗೆ, ಪೂಜೆ, ಕಸಮುಸುರೆ ಎಲ್ಲ ಅದರ ಆಚೀಚೆ. ಕಾರು ಓಡಿಸುವುದನ್ನು ಅದಕ್ಕಾಗಿಯೇ ಕಲಿತೆ. ಹಿಂದಿನ ಸರದಿ ಅವರಿಗೆ ಜ್ವರ ಬಂದು ತಪ್ಪಿಹೋಗಿತ್ತು. ಮೈಯಲ್ಲಿ ನೀರು ತುಂಬಿ, ಕಾಲು ಒತ್ತಿದರೆ ಬೆರಳಿನ ಗುಂಡಿ ಹಾಗೇ ಉಳಿಯುತ್ತಿತ್ತು. "ಈ ಸಲ ಮಾತ್ರ ತಪ್ಪಿಸಬೇಡಿ ಅಮ್ಮ, ನೀರು ಎದೆಗೆ ಏರಿದರೆ ಕಷ್ಟ" ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಅದು ಏರುತ್ತಿರುವ ಸದ್ದನ್ನೇ ನಾನು ಆಗ ಕೇಳಿಸಿಕೊಂಡದ್ದು.

ಹಾಗಿದ್ದ ಮೇಲೆ ನೆಟ್ಟಗೆ ತೆಕ್ಕಲಕೋಟೆ ಮೇಲೆ ಬಳ್ಳಾರಿಗೆ ಹೋಗಬೇಕಿತ್ತಲ್ಲ ಎಂದು ನೀವು ಕೇಳಬಹುದು. ಅಂದು ಅಮಾವಾಸ್ಯೆ. ಅವರಿಗೆ ಡಯಾಲಿಸಿಸ್ ಶುರುವಾದಂದಿನಿಂದ ಅಮಾವಾಸ್ಯೆಗೊಮ್ಮೆ ಕುರುಗೋಡಿನ ದೊಡ್ಡ ಬಸವಣ್ಣನ ಮುಂದೆ ಕಾರಿಗೆ ಪೂಜೆ ಮಾಡಿಸುತ್ತೇನೆಂದು ಬೇಡಿಕೊಂಡಿದ್ದೆ. ಬೆಳಿಗ್ಗೆ ಬೇಗ ಹೊರಟು ಸುತ್ತು ಹಾಕಿ ಕುರುಗೋಡಿಗೆ ಹೋದೆವು. ಆಗ ಅವರು ಇಷ್ಟು ಸುಸ್ತಾಗಿರಲಿಲ್ಲ. ಗಾಲಿಗೆ ನಿಂಬೆಹಣ್ಣು ಇಟ್ಟೆ, ಗಾಜಿಗೆ ವಿಭೂತಿ ಹಚ್ಚಿದೆ, ಕಾಯಿ ಒಡೆದೆ. ಕಾಯಿಲೆಗೆ ಮೊದಲೆಲ್ಲ ದೇವರಿಗೆ ಒಡೆದ ಕಾಯಿಯ ನೀರನ್ನು ಇವರೇ ಎತ್ತಿ ಕುಡಿಯುತ್ತಿದ್ದರು. ಕಿಡ್ನಿ ಹೋದವರಿಗೆ ಅದು ವಿಷವಿದ್ದಂತೆ, ಹೃದಯಕ್ಕೆ ಹೊಡೆತ ಎಂದು ಡಾಕ್ಟರು ಬಿಡಿಸಿದರು. ದೇವರ ಮುಂದಿನ ನೀರನ್ನು ನೆಲಕ್ಕೆ ಚೆಲ್ಲಲು ನನಗೆ ಮನಸ್ಸಾಗದು. ಅದಕ್ಕೇ ಬಾನೆಟ್ ಎತ್ತಿ ಇಂಜಿನ್ನಿಗೆ ಎರೆಯುತ್ತಿದ್ದೆ. ನಮ್ಮ ಪಾಲಿಗೆ ಅದೂ ಒಂದು ಜೀವವೇ.

"ನನ್ನ ಪಾಲಿನ ನೀರು ಕಾರಿಗೆ ಕುಡಸ್ತೀಯಲ್ಲಲೇ" ಎಂದು ಅವರು ಆವತ್ತೂ ನಕ್ಕಿದ್ದರು.

ಕುರುಗೋಡು ಬಿಟ್ಟ ಮೇಲೆ ದೊಡ್ಡ ರಸ್ತೆ ಅಗೆದಿದ್ದಾರೆಂದು ಗೊತ್ತಾಗಿ ಕಾಲುವೆ ದಂಡೆಯ ಒಳದಾರಿ ಹಿಡಿದೆ. ಆ ದಾರಿಯಲ್ಲಿ ಬಸ್ಸಿಲ್ಲ. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ನೀರು ನಿಂತ ಭತ್ತದ ಗದ್ದೆ.

ಮತ್ತೆ ಮತ್ತೆ ಸೆಲ್ಫ್ ಹೊಡೆದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. "ಬಸವಣ್ಣಾ, ಬಸವಣ್ಣಾ" ಎನ್ನುತ್ತ ಕೀಲಿ ತಿರುಗಿಸುವುದು, ಬಿಡುವುದು. ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಹತ್ತಿರದ ಗಾಡಿ ಹೆರಿಗೆಯ ಹೆಂಗಸನ್ನು ಕರೆದೊಯ್ದಿದೆ, ಅವರನ್ನು ಇಳಿಸಿ ಬರುತ್ತದೆ ಅಂದರು. ಅದು ಬರುವಷ್ಟರಲ್ಲಿ ಏನಾಗುತ್ತದೋ ಎಂದು ಯೋಚಿಸಲೂ ಭಯವಾಯಿತು. ಸಿರುಗುಪ್ಪದಲ್ಲಿ ನಮ್ಮ ಕಾರು ನೋಡಿಕೊಳ್ಳುವ ಮೇಸ್ತ್ರಿಗೆ ಹಚ್ಚಿದೆ. ಹಿಂದೆ ಬ್ಯಾಂಡ್ ಬಾಜಾ.

"ಅಕ್ಕಾ, ಆದೋನ್ಯಾಗ ಅದೀನಿ, ನಮ್ಮ ಮಾಮಾನ ಮಗಳ ನಿಕಾ ಐತಿ. ಏನಾತು ಹೇಳ್ರಿ."

ಹೇಳಿದೆ.

"ಲೈಟ್ ಉರಿತಾವೇನು? ಹಾರನ್?"

"ಎಲ್ಲಾ ಅದಾವು. ಗರಗರ ತಿರಗತೈತಿ, ಹತ್ತವಲ್ದು."

"ಹಂಗಾದ್ರ ಬ್ಯಾಟ್ರಿ ಐತಿ. ಪೆಟ್ರೋಲ್ ಪಂಪ್ ಹೋಗಿರಬೇಕಕ್ಕಾ. ಟ್ಯಾಂಕಿನಾಗ ಇರತೈತಿ, ಅಲ್ಲಿ ಏನೂ ಮಾಡಾಕ ಬರಂಗಿಲ್ಲ. ಯಾವುದಾರ ಗಾಡಿಗೆ ಕಟ್ಟಿ ಎಳಿಸ್ರಿ. ಪರವಾಲೇದು, ಚಿಂತಿ ಬ್ಯಾಡ, ನಾಳೆ ಬಂದು…"

ನಾಳೆ ಎಂಬ ಮಾತು ಕೇಳಿ ನನಗೆ ಅಳು ಬಂತು. ಅಷ್ಟರಲ್ಲಿ ಲೈನೂ ಕಟ್ಟಾಯಿತು.

ನಾನು ಅಳುವುದನ್ನು ನೋಡಿಯೋ ಏನೋ, ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಅವರಲ್ಲಿ ವಯಸ್ಸಾದವಳೊಬ್ಬಳು ಬದುವಿನ ಮೇಲೆ ನಡೆದು ಬಂದಳು. ಮೊಣಕಾಲ ತನಕ ಕೆಸರು, ಬಾಯಲ್ಲಿ ಎಲೆ ಅಡಿಕೆ. ಕಾರಿನೊಳಗೆ ಬಗ್ಗಿ ಯಜಮಾನರನ್ನು ನೋಡಿದಳು.

"ಯಾಕವ್ವಾ, ಏನಾಗೈತಿ ಅಣ್ಣಗ?"

"ಬಳ್ಳಾರಿಗೆ ಒಯ್ಯಬೇಕವ್ವಾ. ರಕ್ತ ಸೋಸೋ ಮಿಷನ್ನಿಗೆ ಹಚ್ಚಬೇಕು. ಕಾರು ನಿಂತುಬಿಟ್ಟೈತಿ."

ಅವಳು ತಿರುಗಿ ಕೂಗಿದಳು. "ಲೇ ಬರ್ರಿ ಎಲ್ಲಾರೂ! ಸಸಿ ಎಲ್ಲಿಗೂ ಓಡಿ ಹೋಗಂಗಿಲ್ಲ."

"ಅಮಾಸಿ ದಿನ ಕೆಲಸಕ್ಕ ಬರಬ್ಯಾಡಂದ್ರ ಕೇಳಿದಿ?" ಎಂದು ಒಬ್ಬಳು ಗೊಣಗುತ್ತ ಬಂದಳು. "ಭತ್ತಾನೂ ಹಚ್ಚಬೇಕು, ಕಾರೂ ನೂಕಬೇಕು."

"ಕಾಲುವಿ ನೀರು ಅಮಾಸಿ ಕೇಳಿ ಬರತೈತೇನು? ನೂಕು ಬಾ" ಎಂದಳು ವಯಸ್ಸಾದವಳು.

ಎರಡನೇ ಗೇರಿಗೆ ಹಾಕಿ, ಕ್ಲಚ್ ಒತ್ತಿ ಕೂತೆ. ಅವರು ನೂಕಿದರು. ವೇಗ ಬಂದಾಗ ಕ್ಲಚ್ ಬಿಟ್ಟೆ. ಕಾರು ತಲೆ ಆಡಿಸಿದಂತೆ ಜಗ್ಗಿತು, ನಿಂತಿತು. ಯಜಮಾನರ ಹಣೆ ಮುಂದಕ್ಕೆ ಹೋಗಿ ಬಂತು. ಇನ್ನೊಮ್ಮೆ ನೂಕಿದರು. ಅದೇ ಕತೆ. ಆ ಜಗ್ಗಾಟಕ್ಕೆ ಅವರು ಕೆಮ್ಮತೊಡಗಿದರು. ಕೆಮ್ಮು ನಿಲ್ಲಲೇ ಇಲ್ಲ. ತುಟಿಯ ಬಣ್ಣ ಕಪ್ಪಿಟ್ಟಂತೆ ಕಂಡಿತು. "ಸಾಕು ಬಿಡ್ರಿ" ಎಂದು ನಾನೇ ಕೂಗಿದೆ.

ಹೆಂಗಸರು ಉಸಿರು ಬಿಡುತ್ತ ನಿಂತರು. ವಯಸ್ಸಾದವಳು "ಮೋಟರ್ ಸೈಕಲ್ ಯಾವುದಾರ ಬಂದ್ರ ನಡುವ ಕುಂದರಿಸಿ ಕಳಸೂನಾ?" ಎಂದಳು. ಯಜಮಾನರಿಗೆ ಕಾಲು ಎತ್ತಿ ಬೈಕ್ ಏರುವ ಶಕ್ತಿ ಇರಲಿಲ್ಲ. "ಒಂದೀಟು ನೀರು ಕೊಡು" ಎಂದರು ಯಜಮಾನರು. ಅವರಿಗೆ ನೀರೂ ಅಳತೆಯಲ್ಲಿ. ಬಾಟಲಿಯ ಮುಚ್ಚಳದಲ್ಲಿ ಒಂದು ಗುಟುಕು ಕೊಟ್ಟೆ. ಕಾಲುವೆ ತುಂಬ ನೀರು ಹರಿಯುತ್ತಿತ್ತು. ಅದನ್ನು ನೋಡುತ್ತ ಅವರು ಆ ಒಂದು ಗುಟುಕನ್ನು ಬಾಯಲ್ಲೇ ಇಟ್ಟುಕೊಂಡರು.

ಕಣ್ಣು ಮುಚ್ಚಿದೆ. ಎದೆಯ ಮೇಲಿನ ಲಿಂಗವನ್ನು ಸೀರೆಯ ಮೇಲಿಂದಲೇ ಹಿಡಿದುಕೊಂಡೆ. ಪವಾಡ ಬೇಡಲಿಲ್ಲ. ಕೈ ನಡುಗದ ಹಾಗೆ ಮಾಡು ಅಂದೆ, ಅಷ್ಟೇ.

ಆಮೇಲೆ ನನಗೆ ಗೊತ್ತಿದ್ದ ದಾರಿಯಲ್ಲೇ ಹೊರಟೆ. ಮನೆಯಲ್ಲಿ ಒಲೆ ಹತ್ತದಿದ್ದರೆ ನಾನು ಏನು ನೋಡುತ್ತೇನೆ? ಗ್ಯಾಸ್ ಬರುತ್ತಿದೆಯೇ, ನಾಬ್ ತೆರೆದಿದೆಯೇ, ಲೈಟರಿನ ಕಿಡಿ ಬೀಳುತ್ತಿದೆಯೇ. ಕಾರು ಬೇರೆ ಏನು?

ಹಿಂದಿನ ಸೀಟಿನಲ್ಲಿ ಮಂಡಿಯೂರಿ, ಸೀಟಿಗೆ ಕಿವಿ ಹಚ್ಚಿದೆ. ಪೆಟ್ರೋಲ್ ಟ್ಯಾಂಕು ಅದರ ಕೆಳಗೇ ಇರುವುದು. "ಎಲ್ಲಾರೂ ಒಂದೀಟು ಸುಮ್ಮನಿರ್ರಿ. ರೀ, ಕೀಲಿ ಒಂದು ಸುತ್ತು ತಿರಗಿಸ್ರಿ. ಸೆಲ್ಫ್ ಹೊಡಿಬ್ಯಾಡ್ರಿ" ಎಂದೆ. ಅವರು ಕೈ ಚಾಚಿ ತಿರುಗಿಸಿದರು. ಕಿವಿಗೆ ಸುಂಯ್ ಎಂದು ಸಣ್ಣ ಸದ್ದು ಬಂದು ನಿಂತಿತು. ಮತ್ತೆ ತಿರುಗಿಸಲು ಹೇಳಿದೆ. ಮತ್ತೆ ಸುಂಯ್. ಅಂದರೆ ಪಂಪು ಸತ್ತಿರಲಿಲ್ಲ, ಮೇಸ್ತ್ರಿಯ ಲೆಕ್ಕ ತಪ್ಪಿತ್ತು. ಆ ಸದ್ದು ಕೇಳಿದ್ದು ಮೊದಲನೆಯ ಪುಣ್ಯ.

ಕೆಳಗಿಳಿದು ಹಿಂದೆ ಹೋಗಿ ಸೈಲೆನ್ಸರಿಗೆ ಮೂಗು ಹಚ್ಚಿದೆ. ಅಷ್ಟು ಸಲ ಸೆಲ್ಫ್ ಹೊಡೆದ ಮೇಲೆ ಅಲ್ಲಿ ಹಸಿ ಪೆಟ್ರೋಲ್ ವಾಸನೆ ಗಮ್ಮೆನ್ನಬೇಕಿತ್ತು. ಏನೂ ಇಲ್ಲ. ಒಲೆಯ ಲೆಕ್ಕದಲ್ಲಿ ಹೇಳಿದರೆ, ಸಿಲಿಂಡರಿನಲ್ಲಿ ಗ್ಯಾಸಿದೆ, ಪೈಪಿನ ತನಕ ಬಂದಿದೆ, ಆದರೆ ನಾಬನ್ನು ಯಾರೂ ತಿರುಗಿಸುತ್ತಿಲ್ಲ.

ನಾಬ್ ತಿರುಗಿಸುವವರು ಯಾರು? ಅದು ನನಗೆ ತಿಳಿಯದು. ಅಲ್ಲಿಗೆ ನನ್ನ ಅಡಿಗೆಮನೆ ವಿದ್ಯೆ ಮುಗಿಯಿತು. ಸುಮ್ಮನೆ ಇನ್ನೊಮ್ಮೆ ಸೆಲ್ಫ್ ಹೊಡೆದೆ. ಗರಗರ ಸದ್ದು ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ. ಬ್ಯಾಟರಿ ಇಳಿಯತೊಡಗಿತ್ತು.

"ಆ ಮುಳ್ಳು ಏಳವಲ್ದು" ಅಂದರು ಯಜಮಾನರು.

"ಯಾವ ಮುಳ್ಳು?"

"ಅದ, ಎಡಗಡೆದ್ದು. ನೀ ದಿನಾ ಸೆಲ್ಫ್ ಹೊಡದಾಗ ಅದು ಒಂದೀಟು ಮ್ಯಾಲೆ ಹಾರತೈತಿ, ಆಮ್ಯಾಲೆ ಇಂಜಿನ್ ಹತ್ತತೈತಿ. ಇವತ್ತು ಸತ್ತಂಗ ಬಿದ್ದೈತಿ." ಮಾತಿನ ನಡುವೆ ಎರಡು ಸಲ ಉಸಿರಿಗೆ ನಿಂತರು. "ದಿನಾ ಸುಮ್ನ ಕುಂತು ಇನ್ನೇನು ನೋಡ್ಲಿ? ನಿನ್ನ ಮಾರಿ, ಇಲ್ಲಾ ಆ ಮುಳ್ಳು."

ಇಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮುಳ್ಳು ಅದು. ನಾನು ಓಡಿಸುವವಳು, ನನ್ನ ಕಣ್ಣು ರಸ್ತೆಯ ಮೇಲೆ. ಅದನ್ನು ಯಾವತ್ತೂ ಗಮನಿಸಿರಲಿಲ್ಲ. ಮೇಸ್ತ್ರಿಗೆ ಮತ್ತೆ ಹಚ್ಚಿದೆ. ಸಿಗ್ನಲ್ ಸಿಗದೆ ದಂಡೆಯ ಮೇಲೇರಿ ನಿಂತು ಕೂಗಿ ಹೇಳಿದೆ.

"ಮುಳ್ಳು ಅಲ್ಲಾಡವಲ್ದಾ?" ಅವನ ದನಿ ಬದಲಾಯಿತು. "ಯಾ ಅಲ್ಲಾ. ಹಂಗಾದ್ರ ಪಂಪ್ ಅಲ್ಲಕ್ಕಾ, ನಂದ ತಪ್ಪು. ಇಂಜಿನ್ ತಿರಗತೈತೋ ಇಲ್ಲೋ ನೋಡಾಕ ಒಂದು ಸೆನ್ಸಾರ್ ಇರತೈತಿ. ಅದು ತಿರಗತೈತಿ ಅಂತ ಹೇಳಿದ್ರನ ಪೆಟ್ರೋಲ್ ಬಿಡತೈತಿ, ಕಿಡಿ ಕೊಡತೈತಿ. ಅದು ಮೂಗಾಗೈತಿ ಈಗ. ಹೊಸಾದು ಬಳ್ಳಾರ್ಯಾಗ ಸಿಗತೈತಿ."

"ಬಳ್ಳಾರಿಗೆ ಹೋಗಾಕನ ಅಲ್ಲೇನಪ್ಪಾ ಒದ್ದಾಡಾಕತ್ತಿದ್ದು! ಅದು ಎಲ್ಲೈತಿ ಹೇಳು, ನಾ ನೋಡ್ತೀನಿ."

"ಗೇರ್ ಬಾಕ್ಸ್ ಮ್ಯಾಲೆ, ಇಂಜಿನ್ನಿಗೆ ಹತ್ತಿ ಕರೇ ಡಬ್ಬಿ, ಮೂರು ವೈರ್ ಬಂದಿರ್ತಾವು. ಆದ್ರ ಕೈ ಹಾಕಬ್ಯಾಡ್ರಿ ಅಕ್ಕಾ. ಹಳೇ ಪ್ಲಾಸ್ಟಿಕ್, ಅದರ ಕೊಕ್ಕಿ ಮುರದ್ರ ಆಮ್ಯಾಲೆ ಜಪ್ಪಯ್ಯ ಅಂದ್ರೂ ನಿಂದರಂಗಿಲ್ಲ."

ಅದೇ ಹೊತ್ತಿಗೆ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರೊಂದು ಬಂತು. ಓಡಿಸುವವನು ಇಳಿದು ನೋಡಿದ. ಅವನು ಹೋಗುತ್ತಿದ್ದದ್ದು ಕುರುಗೋಡಿನ ಕಡೆಗೆ.

"ಹುಲ್ಲಿನ ಮ್ಯಾಲೆ ಮಲಗಿಸ್ರೆಮ್ಮಾ, ಕುರುಗೋಡು ದವಾಖಾನಿಗೆ ಬಿಡ್ತೀನಿ."

ಅಲ್ಲಿ ಆ ಮಿಷನ್ ಇಲ್ಲ. ಅಲ್ಲಿಂದ ಮತ್ತೆ ಬಳ್ಳಾರಿಗೇ ಕಳಿಸುತ್ತಾರೆ. ಮಲಗಿಸಿದರೆ ಇವರಿಗೆ ಉಸಿರೇ ಆಡುವುದಿಲ್ಲ. ಹಾಗೆಂದು ಕೈಗೆ ಸಿಕ್ಕ ಒಂದೇ ಗಾಡಿಯನ್ನು ಬಿಟ್ಟುಬಿಡುವುದೇ? ಬಿಟ್ಟು, ಆ ಕೊಕ್ಕೆ ಮುರಿದುಹೋದರೆ? ನಾಳೆ ನಮ್ಮ ಮಂದಿ ಕೇಳಿದಾಗ ಏನು ಹೇಳಲಿ? ಯಜಮಾನರ ಮುಖ ನೋಡಿದೆ. ಅವರು ಟ್ರ್ಯಾಕ್ಟರನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ನೀ ಬಿಚ್ಚು" ಅಂದರು.

"ನೀವು ಹೋಗ್ರಿ ಅಣ್ಣಾ" ಎಂದು ಟ್ರ್ಯಾಕ್ಟರಿನವನಿಗೆ ಕೈ ಮುಗಿದೆ. ಅದು ದೂರ ಹೋಗುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಕೀಲಿ ತೆಗೆಸಿ ಕೈಯಲ್ಲಿಟ್ಟುಕೊಂಡು ಬಾನೆಟ್ ಎತ್ತಿದೆ. ಬೆಳಗಿನ ಕುಂಕುಮ, ವಿಭೂತಿ, ಒಂದೆರಡು ಹೂವಿನ ಎಸಳು. ಬಿಸಿ ಇಂಜಿನ್ನಿನಿಂದ ಸಕ್ಕರೆ ಪಾಕ ತಳ ಹಿಡಿದಂಥ ವಾಸನೆ ಬರುತ್ತಿತ್ತು. ಗೇರ್ ಬಾಕ್ಸಿನ ಮೇಲೆ ಕರಿ ಡಬ್ಬಿ ಸಿಕ್ಕಿತು. ಮುಟ್ಟಿದೆ. ಕೈಗೆ ಜಿಗುಟು ಹತ್ತಿತು. ಬೆರಳು ಮೂಗಿಗೆ ಹಿಡಿದೆ.

ಕಾಯಿಯ ನೀರು.

ಮೇಲಿನಿಂದ ಇಳಿದ ಗೆರೆಗಳು ಒಂದರ ಮೇಲೊಂದು ಒಣಗಿ ಕಂದುಬಣ್ಣಕ್ಕೆ ತಿರುಗಿದ್ದವು. ಎಲ್ಲಕ್ಕಿಂತ ಮೇಲೆ ಇವತ್ತಿನದು, ಇನ್ನೂ ಹಸಿ. ಪ್ರತಿ ಅಮಾವಾಸ್ಯೆ ನಾನೇ ಕೈಯಾರೆ ಎರೆದದ್ದು. ನೇರವಾಗಿ ಆ ಡಬ್ಬಿಯ ರಬ್ಬರಿನ ಬಿರುಕಿಗೆ ಹೋಗಿತ್ತು.

ಅವರ ಪ್ರಾಣ ಉಳಿಯಲೆಂದು ಮಾಡಿದ್ದೇ ಅವರನ್ನು ಇಲ್ಲಿ ತಂದು ನಿಲ್ಲಿಸಿತ್ತು. ಆದರೆ ಕೂತು ಅಳಲು ಅವರ ಉಸಿರು ಬಿಡಬೇಕಲ್ಲ.

ಕೊಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ಎಳೆದೆ. ಬರಲಿಲ್ಲ. ತಲೆಯ ಪಿನ್ನು ತೆಗೆದು ಸಂದಿಗೆ ತೂರಿಸಿ ಮೀಟಿದೆ. ಟಕ್ ಎಂದಿತು. ಡಬ್ಬಿ ಬಿಚ್ಚಿಕೊಂಡಿತು, ಕೊಕ್ಕೆಯ ತುಂಡು ಕೆಳಗೆಲ್ಲೋ ಬಿತ್ತು. ಮೇಸ್ತ್ರಿ ಹೇಳಿದ್ದೇ ಆಯಿತು.

"ಮುರಿತೇನವ್ವಾ?" ಎಂದಳು ವಯಸ್ಸಾದವಳು.

"ಮುರಿತು."

"ಮುರದದ್ದು ಮುರಿತು. ಒಳಗ ನೋಡು."

ಒಳಗೆ ಮೂರು ಸಣ್ಣ ಕಡ್ಡಿಗಳು. ಎರಡು ಹೊಳೆಯುತ್ತಿದ್ದವು, ಒಂದರ ಮೇಲೆ ಹಸಿರು ಕಿಲುಬು, ಸುತ್ತ ಜಿಗುಟು ನೀರು. ಒರೆಸಬೇಕು, ಆದರೆ ನೀರಿನಿಂದಲ್ಲ. ಯಜಮಾನರ ಡಯಾಲಿಸಿಸ್ ಚೀಲದಲ್ಲಿ ಸೂಜಿ ಹಾಕುವ ಮುಂಚೆ ಕೈ ಒರೆಸಲು ಸ್ಪಿರಿಟ್ ಹಚ್ಚಿದ ಸಣ್ಣ ಬಟ್ಟೆಗಳ ಪೊಟ್ಟಣಗಳಿರುತ್ತವೆ. ಹರಿದು ಹರಿದು ಒರೆಸಿದೆ. ಪಿನ್ನಿನ ತುದಿಯಿಂದ ಕಿಲುಬು ಕೆರೆದೆ, ಮತ್ತೆ ಒರೆಸಿದೆ. ಬಾಯಿಂದ ಊದಲು ಹೋದರೆ ವಯಸ್ಸಾದವಳು "ಎಂಜಲ ಗಾಳಿ ಹಸಿ ಇರತೈತಿ, ಬ್ಯಾಡ" ಎಂದು ತನ್ನ ಸೆರಗು ಬೀಸಿದಳು. ಕಿಲುಬು ಹೋಗಿ ಕೆಂಪಗೆ ತಾಮ್ರ ಕಂಡಿತು. ಆ ಚೀಲ ಜೊತೆಗಿದ್ದದ್ದು ಎಂಥ ಪುಣ್ಯ!

ಡಬ್ಬಿ ಸೇರಿಸಿದೆ. ಕೊಕ್ಕೆ ಇಲ್ಲದೆ ಅದು ಜಾರುತ್ತಿತ್ತು. ಸೂಜಿ ತೆಗೆದ ಮೇಲೆ ಅವರ ತೋಳಿಗೆ ಹಚ್ಚುವ ಅಂಟುಪಟ್ಟಿ ಅದೇ ಚೀಲದಲ್ಲಿತ್ತು. ಸುತ್ತಿ ಸುತ್ತಿ, ಗಾಯ ಕಟ್ಟಿದಂತೆ ಕಟ್ಟಿದೆ.

ಕೀಲಿ ಹಾಕಿ ತಿರುಗಿಸಿದೆ. ಗ…ರ್… ಎಂದು ಒಮ್ಮೆ ಎಳೆದು ಬ್ಯಾಟರಿ ಸೋತಿತು. ಆದರೆ ಆ ಒಂದು ಎಳೆತದಲ್ಲಿ ಇಬ್ಬರೂ ನೋಡಿದೆವು. ಮುಳ್ಳು ಎದ್ದು ಬಿದ್ದಿತ್ತು.

"ಎದ್ದಿತು!" ಎಂದರು ಯಜಮಾನರು. ಅವರ ಬಾಯಿಂದ ಮುಂದೆ ಮಾತು ಬರಲಿಲ್ಲ. ಕಣ್ಣು ಮೇಲಕ್ಕೆ ಹೋದಂತಾಯಿತು. ಕೆನ್ನೆ ತಟ್ಟಿದೆ. ತೆರೆದರು.

ಉಳಿದ ಹೆಂಗಸರು ಅಷ್ಟರಲ್ಲಿ ಗದ್ದೆಗೆ ಇಳಿದಿದ್ದರು. ನಾನು ದಂಡೆಯ ಮೇಲೆ ನಿಂತು ಎರಡೂ ಕೈ ಎತ್ತಿ ಕೂಗಿದೆ. "ಇನ್ನೊಂದು ಸಲ ಬರ್ರೆವ್ವಾ! ಇದೊಂದು ಸಲ!"

"ಆಗ ನೂಕಿದ್ದಕ್ಕ ಬರಲಿಲ್ಲ, ಈಗ ಬರತೈತೇನು?" ಎಂದಳು ಗೊಣಗುವವಳು.

ನನ್ನ ಪಕ್ಕದಲ್ಲಿದ್ದ ವಯಸ್ಸಾದವಳು ಗದರಿದಳು. "ಆಗ ಅದಕ್ಕ ಮಾತು ಬರ್ತಿದ್ದಿಲ್ಲ. ಈಗ ಬಾಯಿ ತೊಳದೀವಿ. ಬರ್ರಲೇ!"

ಬಂದರು. ಕೆಸರು ಕೈಗಳು ಹಿಂದಿನ ಗಾಜಿನ ಮೇಲೆ ಸಾಲಾಗಿ ಕಾಣಿಸಿದವು. ನೂಕಿದರು. ಎರಡನೇ ಗೇರ್. ಬಸವಣ್ಣಾ ಎನ್ನಲೂ ಮರೆತೆ. ಕ್ಲಚ್ ಬಿಟ್ಟೆ. ಕಾರು ಜಗ್ಗಿತು, ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಹತ್ತಿತು.

ನಿಲ್ಲಿಸುವ ಧೈರ್ಯ ಇರಲಿಲ್ಲ. ಇಂಜಿನ್ ರೇಸ್ ಮಾಡುತ್ತಲೇ, ಸೀಟಿನ ಹಿಂದಿದ್ದ ಕಾಯಿಯ ಹೋಳು, ಬಾಳೆಹಣ್ಣು ಎಲ್ಲವನ್ನೂ ಕಿಟಕಿಯಿಂದ ಆ ವಯಸ್ಸಾದವಳ ಮಡಿಲಿಗೆ ಹಾಕಿದೆ. "ಹೋಗವ್ವಾ, ಹೋಗು, ಮಾತಾಡಬ್ಯಾಡ" ಅಂದಳು. ಅವಳ ಊರು ಯಾವುದೆಂದೂ ಕೇಳಲಿಲ್ಲ.

ದಾರಿಯುದ್ದಕ್ಕೂ ನನ್ನ ಒಂದು ಕಣ್ಣು ರಸ್ತೆಯ ಮೇಲೆ, ಒಂದು ಮುಳ್ಳಿನ ಮೇಲೆ. ಅವರು ಮಾತಾಡುವುದನ್ನು ಬಿಟ್ಟಿದ್ದರು. "ರೀ" ಎಂದರೆ ಬೆರಳು ಎತ್ತುತ್ತಿದ್ದರು. ಬಳ್ಳಾರಿಯ ಮೊದಲ ಸರ್ಕಲ್ಲಿನಲ್ಲಿ ಕೆಂಪು ದೀಪ ಬಿತ್ತು. ಎಲ್ಲರೂ ಇಂಜಿನ್ ಆರಿಸಿದರು, ನಾನು ಆರಿಸಲಿಲ್ಲ. ಪಕ್ಕದ ಆಟೋದವನು "ಅಮ್ಮಾ, ಪೆಟ್ರೋಲ್ ಉಳಸ್ರಿ" ಎಂದ. ನಾನು ತಿರುಗಿಯೂ ನೋಡಲಿಲ್ಲ. "ರೀ" ಎಂದೆ. ಬೆರಳು ಏಳಲಿಲ್ಲ. ಹಸಿರು ದೀಪ ಬಿದ್ದಾಗ ಹಾರನ್ ಹೊಡೆಯುತ್ತಲೇ ಹೋದೆ.

ಆಸ್ಪತ್ರೆಯ ಬಾಗಿಲಲ್ಲಿ ಕಾರನ್ನು ಹತ್ತಿದ್ದ ಹಾಗೇ ಬಿಟ್ಟು ಒಳಗೆ ಓಡಿದೆ. ನಮ್ಮ ಸರದಿಯ ಹಾಸಿಗೆಯಲ್ಲಿ ಬೇರೆಯವರು ಮಲಗಿದ್ದರು. ತಡವಾದರೆ ಕೊಡುವುದು ಅಲ್ಲಿನ ಪದ್ಧತಿ, ತಪ್ಪೇನಿಲ್ಲ. ಸ್ಟ್ರೆಚರಿನಲ್ಲಿ ಇವರನ್ನು ನೋಡಿದ ನರ್ಸ್ ಅಮ್ಮ ಮೊದಲು ಆಮ್ಲಜನಕ ಹಚ್ಚಿದರು. ತುರ್ತಿಗೆಂದು ಇಟ್ಟಿದ್ದ ಮೂಲೆಯ ಮಿಷನ್ನಿಗೆ ಕರೆದೊಯ್ದರು. ಅದು ಖಾಲಿ ಇದ್ದದ್ದನ್ನು ಯಾರ ಪುಣ್ಯದ ಲೆಕ್ಕದಲ್ಲಿ ಬರೆದುಕೊಳ್ಳಲಿ?

"ಸ್ಪಿರಿಟ್ ಬಟ್ಟೆ ಕೊಡ್ರಮ್ಮಾ" ಎಂದು ನನ್ನ ಚೀಲಕ್ಕೆ ಕೈ ಹಾಕಿದರು. ಖಾಲಿ ಪೊಟ್ಟಣಗಳು ಬಂದವು. "ಎಲ್ಲಾ ಎಲ್ಲಿ ಹೋದ್ವು?"

ಆಮ್ಲಜನಕದ ಮುಖವಾಡದ ಒಳಗಿಂದ ಇವರೇ ಏನೋ ಅಂದರು. ಬಗ್ಗಿ ಕಿವಿ ಕೊಟ್ಟೆ.

"ನನಗ ಆಗದಿದ್ದ ನೀರು… ಅದಕ್ಕೂ ಆಗಲಿಲ್ಲ ನೋಡು."

ನರ್ಸ್ ಅಮ್ಮನಿಗೆ ಅರ್ಥವಾಗಲಿಲ್ಲ. ತಮ್ಮ ಡಬ್ಬಿಯಿಂದ ಸ್ಪಿರಿಟ್ ತೆಗೆದು ತೋಳು ಒರೆಸಿದರು, ಸೂಜಿ ಹಾಕಿದರು, ನಳಿಕೆಗಳನ್ನು ಜೋಡಿಸಿ ಗುಂಡಿ ಒತ್ತಿದರು. ಮಿಷನ್ನಿನ ಎದೆಯ ಮೇಲಿನ ಸಣ್ಣ ಚಕ್ರ ಒಂದು ಕ್ಷಣ ತಡೆಯಿತು. ಆಮೇಲೆ ತಿರುಗತೊಡಗಿತು. ಅವರ ರಕ್ತ ನಳಿಕೆಯಲ್ಲಿ ಹೊರಗೆ ಬಂದು, ಸುತ್ತಿ, ಒಳಗೆ ಹೋಗತೊಡಗಿತು.

ಹೊರಗಿಂದ ಕಾವಲುಗಾರ ಕೂಗುತ್ತಿದ್ದ. "ಯಾರದ್ರೀ ಆ ಕಾರು, ಚಾಲೂ ಬಿಟ್ಟು ಬಂದೀರಿ! ಬಂದ್ ಮಾಡ್ರಿ!"

ಚಕ್ರದ ಮೇಲಿನ ಕಣ್ಣು ತೆಗೆಯದೆ, ಇನ್ನೊಂದೀಟು ಹೊತ್ತು ಇರಲಿ ಅಂದೆ.